ಜನವರಿಯ ಹಲಸಿನ ಹಣ್ಣು

ಈ ವರ್ಷವೂ ಜನವರಿ 1ರ ಬೆಳಿಗ್ಗೆ ಫೋನು ‘ಹಳೆಯ ನೆನಪು’ ಎಂದು ನನಗೆ ಹಲಸಿನ ಹಣ್ಣು ತೋರಿಸಿತು. ಸಾಗರದ ಬಳಿಯ ನಮ್ಮ ಊರಮನೆಯ ಅಂಗಳದಲ್ಲಿ ಅಜ್ಜಿ, ದೊಡ್ಡಮ್ಮ ಮತ್ತು ಸೋದರತ್ತೆ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಸೊಳೆ ಬಿಡಿಸುತ್ತಿರುವ ಚಿತ್ರವದು. ಹಿನ್ನೆಲೆಗೆ ಫೋನೇ ಸೇರಿಸಿದ, ಯಾರೂ ಬೇಡದ ಪಿಯಾನೋ ಸಂಗೀತ. ದಿನಾಂಕ 2005ರ ಜನವರಿ 1, ಸಮಯ ಮಧ್ಯರಾತ್ರಿ 12 ಗಂಟೆ 4 ನಿಮಿಷ. ಮಲೆನಾಡಿನಲ್ಲಿ ಜನವರಿಗೆ ಹಲಸು ಹಣ್ಣಾಗುವುದಿಲ್ಲ, ಮಧ್ಯರಾತ್ರಿಯ ಅಂಗಳಕ್ಕೆ ಅಂಥ ಬಿಸಿಲೂ ಬೀಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದೆ, ಫೋನಿಗೆ ಮಾತ್ರ ಗೊತ್ತಿಲ್ಲ. ಸಿಟ್ಟು ಬರುವುದು ಅದರ ಅಜ್ಞಾನಕ್ಕಲ್ಲ. ವರ್ಷ ವರ್ಷವೂ ಅದು ತೋರುವ ಸಡಗರಕ್ಕೆ.

ತಪ್ಪು ಫೋನಿನದೂ ಅಲ್ಲವೆನ್ನಿ. ಬ್ಯಾಟರಿ ಪೂರ್ತಿ ಸತ್ತು ಮತ್ತೆ ಬದುಕಿದ ನಮ್ಮ ಹಳೆಯ ಕ್ಯಾಮೆರಾ, ತಾನು ಹುಟ್ಟಿದ ದಿನಕ್ಕೇ ಮರಳಿ ಅಲ್ಲಿಂದ ಕಾಲವನ್ನು ಎಣಿಸತೊಡಗಿತ್ತು. ಹಾಗೆ ಆ ರಜೆಯ 412 ಫೋಟೊಗಳೂ ನಡೆಯದೇ ಇದ್ದ ಒಂದು ಜನವರಿಯಲ್ಲಿ ಹೋಗಿ ಕುಳಿತಿದ್ದವು. ನನ್ನ ಕಂಪ್ಯೂಟರಿನಲ್ಲಿರುವ ನಲವತ್ತಾರು ಸಾವಿರ ಚಿತ್ರಗಳ ಪೈಕಿ ಇವಷ್ಟನ್ನಾದರೂ ಅವುಗಳ ಕಾಲಕ್ಕೆ ಸೇರಿಸೋಣವೆಂದು ಮುಂದಿನ ಭಾನುವಾರ ಕಾಫಿ ಕುಡಿದವನೇ ಫೋಟೊಗಳನ್ನು ಜೋಡಿಸಿಡುವ ಡಿಜಿಕ್ಯಾಮ್ ಎಂಬ ತಂತ್ರಾಂಶ ತೆರೆದು ಕುಳಿತೆ. ‘ಹೊಸದು’, ‘ಹೊಸದು 2’, ‘ಇದೇ ಕಡೆಯದು’, ‘ಆಮೇಲೆ ನೋಡಬೇಕು’ ಎಂದು ನಾನೇ ಹೆಸರಿಟ್ಟ ಫೋಲ್ಡರುಗಳನ್ನು ಅದು ಒಂದೂ ಮಾತಾಡದೆ ಓದಿಕೊಂಡಿತು. ಆಮೇಲೆ ಮುಖಗಳನ್ನು ಹುಡುಕಲು ಹೊರಟು, ದೇವರ ಕೋಣೆಯ ವೆಂಕಟರಮಣನ ಪಟವನ್ನು ಚೌಕದಲ್ಲಿ ಕತ್ತರಿಸಿ ಮುಂದಿಟ್ಟು, ಇವರು ಯಾರೆಂದು ಕೇಳಿತು. ಅಷ್ಟು ಹೊತ್ತಿಗೆ ಚಿಕ್ಕಮ್ಮನ ಇಪ್ಪತ್ತು ಫೋಟೊಗಳನ್ನು ಅಜ್ಜಿಯ ಹೆಸರಿಗೆ ಸೇರಿಸಿಯಾಗಿತ್ತು. ಇದನ್ನು ಚಿಕ್ಕಮ್ಮನಿಗೆ ನಾನು ತಿಳಿಸಿಲ್ಲ.

ಚಿತ್ರಗಳನ್ನು ಒಪ್ಪವಾಗಿ ಜೋಡಿಸುವುದರ ಕುರಿತು ನನಗೆ ಆ ದಿನ ಒಂದು ಮಾತು ಹೊಳೆದಿತ್ತು. ಅದನ್ನು ಹೇಳಬೇಕೆಂದೇ ಇದನ್ನು ಬರೆಯಲು ಹೊರಟೆ. ಆದರೆ ಅದಕ್ಕೆ ಮೊದಲು ಗಡಿಯಾರದ ವಿಷಯ ಮುಗಿಯಬೇಕು.

ಡಿಜಿಕ್ಯಾಮ್‌ನಲ್ಲಿ ಸಮಯ ತಿದ್ದುವುದಕ್ಕೆ ಒಂದು ಸೊಗಸಾದ ಉಪಾಯವಿದೆ. ರಾಶಿಯಲ್ಲಿ ಎಲ್ಲಾದರೂ ಗಡಿಯಾರ ಕಾಣುವ ಒಂದು ಚಿತ್ರವಿದ್ದರೆ ಅದನ್ನು ತೋರಿಸಿ, ಮುಳ್ಳುಗಳು ಹೇಳುವ ಸಮಯವನ್ನು ತುಂಬಿದರೆ ಸಾಕು. ಕ್ಯಾಮೆರಾ ಎಷ್ಟು ತಪ್ಪಿದೆಯೆಂದು ಲೆಕ್ಕ ಹಾಕಿ ಉಳಿದ ಎಲ್ಲ ಚಿತ್ರಗಳನ್ನೂ ಅಷ್ಟೇ ಸರಿಸಿಬಿಡುತ್ತದೆ. ನನ್ನ ಅದೃಷ್ಟಕ್ಕೆ, ಊಟಕ್ಕೆ ಎಲೆ ಹಾಕುತ್ತಿರುವ ಒಂದು ಚಿತ್ರದಲ್ಲಿ ಜಗುಲಿಯ ಗೋಡೆ ಗಡಿಯಾರ ಸ್ಪಷ್ಟವಾಗಿ ಹನ್ನೆರಡು ನಲವತ್ತು ತೋರಿಸುತ್ತಿತ್ತು. ಕ್ಯಾಮೆರಾದ ಪ್ರಕಾರ ಆಗ ರಾತ್ರಿ 1 ಗಂಟೆ 52 ನಿಮಿಷ. ಇಷ್ಟು ಸುಲಭವೇ ಎಂದು ಹಿಗ್ಗಿ ಸಮಯ ತುಂಬಲು ಹೋದವನಿಗೆ, ಅದು ಅಜ್ಜನ ಗಡಿಯಾರವೆಂಬುದು ನೆನಪಾಯಿತು.

ಅಜ್ಜ ಪ್ರತಿ ಭಾನುವಾರ ಸ್ಟೂಲು ಹತ್ತಿ ಕೀಲಿ ಕೊಡುತ್ತಿದ್ದ ಆ ಗಡಿಯಾರ ಬೇಕೆಂದೇ ಮುಂದೆ ಓಡುತ್ತಿತ್ತು. ಬೆಳಗಿನ ಏಳು ಹತ್ತರ ಸಾಗರದ ಬಸ್ಸು ಮನೆಯ ಯಾರಿಗೂ ತಪ್ಪಬಾರದೆಂದು ಅಜ್ಜ ಅದನ್ನು ಇಪ್ಪತ್ತು ನಿಮಿಷ ಮುಂದಿಟ್ಟಿದ್ದರು. ಇಪ್ಪತ್ತು ನಿಮಿಷ ಮುಂದಿದೆಯೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಎಲ್ಲರೂ ಮನಸ್ಸಿನಲ್ಲೇ ಅಷ್ಟನ್ನು ಕಳೆದುಕೊಂಡು, ಯಥಾಪ್ರಕಾರ ದಣಪೆಯ ಬಳಿ ನಿಂತು ಬಸ್ಸಿನ ಹಿಂಭಾಗವನ್ನು ನೋಡುತ್ತಿದ್ದರು. ಈ ಕಳೆಯುವ ಲೆಕ್ಕ ಅಜ್ಜನಿಗೆ ತಿಳಿದು, ಅವರು ಯಾರಿಗೂ ಹೇಳದೆ ಇನ್ನೂ ಸ್ವಲ್ಪ ಮುಂದಕ್ಕೆ ತಿರುಗಿಸಿದ್ದರೆಂಬ ವದಂತಿಯೂ ಇತ್ತು. ನಾನು ಚಿಕ್ಕಪ್ಪನಿಗೆ ಫೋನು ಮಾಡಿದೆ.

“ಚಿಕ್ಕಪ್ಪ, ಜಗುಲಿಯ ಗಡಿಯಾರ ಎಷ್ಟು ಮುಂದಿತ್ತು?”

“ಯಾಕೋ, ಈಗ ಯಾವ ಬಸ್ಸಿಗೆ ಹೊರಟಿದ್ದೀಯ?”

ಅವರ ಪ್ರಕಾರ ಮೂವತ್ತೈದು. ದೊಡ್ಡಮ್ಮನ ಪ್ರಕಾರ ಹದಿನೈದು, ಅದೂ ಮಳೆಗಾಲ ಬಿಟ್ಟು. ಸೋದರತ್ತೆ ಇಬ್ಬರನ್ನೂ ತಳ್ಳಿಹಾಕಿ, ಗಡಿಯಾರ ಸರಿಯಾಗಿಯೇ ಇತ್ತು, ಬಸ್ಸೇ ಬೇಗ ಬರುತ್ತಿತ್ತು ಎಂದರು. ಸಂಜೆಯವರೆಗೆ ನಡೆದ ಈ ವಿಚಾರಣೆಯಲ್ಲಿ, ಅಜ್ಜ ತೀರಿಕೊಂಡ ಮೇಲೆ ಆ ಗಡಿಯಾರವನ್ನು ಯಾರು ತೆಗೆದುಕೊಂಡು ಹೋದರೆಂಬ ಹಳೆಯ ಪ್ರಶ್ನೆಯೂ ಎದ್ದು, ಇಬ್ಬರು ಮಾತು ಬಿಟ್ಟಿದ್ದಾರೆ.

ತಾರೀಕಿನ ಪಾಡು ಇದಕ್ಕಿಂತ ಚೆನ್ನಾಗಿರಲಿಲ್ಲ. ಗಡಿಯಾರದ ಕೆಳಗೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು ತೂಗುತ್ತಿತ್ತು. ಚಿತ್ರವನ್ನು ಹಿಗ್ಗಿಸಿದರೆ ಕೆಂಪು ಅಕ್ಷರದ 1 ಕಾಣುತ್ತದೆ, ಅದರ ಪಕ್ಕದ ಅಂಕಿಯನ್ನು ಸೋದರತ್ತೆಯ ತುರುಬು ಮುಚ್ಚಿದೆ. ಕೆಂಪು ಎಂದರೆ ಭಾನುವಾರ. ದೊಡ್ಡಮ್ಮನ ತೊಡೆಯ ಮೇಲಿನ ಮಗುವಿಗೆ ಎರಡು ಹಲ್ಲು ಬಂದಿದ್ದವು. ಅದು ಹುಟ್ಟಿದ್ದು 2006ರ ನವೆಂಬರಿನಲ್ಲಿ. ಹಾಗಾಗಿ 2007ರ ಮೇ 13. ಇಷ್ಟು ಕರಾರುವಾಕ್ಕಾಗಿ ನಾನು ಯಾವ ಲೆಕ್ಕವನ್ನೂ ಮಾಡಿದವನಲ್ಲ. ಆದರೆ ಕ್ಯಾಲೆಂಡರಿನ ಹಾಳೆಗಳನ್ನು ಮಕ್ಕಳು ರಾಕೆಟ್ಟಿಗೆಂದು ಮುಂಗಡವಾಗಿ ಹರಿದಿರಲಿಲ್ಲ ಎಂಬುದಕ್ಕೆ ಖಾತರಿಯಿಲ್ಲ. ನ್ಯೂಜೆರ್ಸಿಯಿಂದ ಬಂದಿದ್ದ ಅಕ್ಕನ ಕ್ಯಾಮೆರಾ ಸಹಾಯಕ್ಕೆ ಬಂದೀತೆಂದು ನೋಡಿದರೆ, ಅದು ತನ್ನ ಊರಿನ ಸಮಯವನ್ನೇ ಹಿಡಿದುಕೊಂಡು ಒಂಬತ್ತೂವರೆ ಗಂಟೆ ಹಿಂದಿತ್ತು. ಅದರಲ್ಲಿ ನಾವು ನಸುಕಿನ ಮೂರು ಗಂಟೆಗೆ ಹೋಳಿಗೆ ಉಣ್ಣುತ್ತಿದ್ದೇವೆ. ಚಿತ್ರದ ಫೈಲಿನೊಳಗೆ ಸೆಕೆಂಡು ಬಿಡದೆ ಸಮಯ ಬರೆದಿಡುವ ಟಿಪ್ಪಣಿಯಾದ ಎಕ್ಸಿಫ್‌ನಲ್ಲಿ, ಅದು ಯಾವ ದೇಶದ ಸಮಯವೆಂದು ನಮೂದಿಸಲು 2016ರವರೆಗೆ ಜಾಗವನ್ನೇ ಇಟ್ಟಿರಲಿಲ್ಲ.

ಕೊನೆಗೆ ಇಪ್ಪತ್ತೈದು ನಿಮಿಷಕ್ಕೆ ರಾಜಿಯಾಗಿ ಬಟನ್ ಒತ್ತಿದೆ. 412 ಚಿತ್ರಗಳು ಒಂದೇ ಹೆಜ್ಜೆಗೆ ಎರಡು ವರ್ಷ ದಾಟಿ ಬೇಸಿಗೆಗೆ ಬಂದವು. ಅಜ್ಜಿ ಹಗಲಿನಲ್ಲಿ ಹಲಸು ಬಿಡಿಸಿದರು. ನಾನು ಯಾರಿಗೂ ಹೇಳಿಕೊಳ್ಳಲಾಗದಷ್ಟು ಸಂತೋಷಪಟ್ಟೆ.

ರಾತ್ರಿ ಚಿಕ್ಕಪ್ಪನೇ ಫೋನು ಮಾಡಿ, ಆ ಗಡಿಯಾರದ ಫೋಟೊವನ್ನು ಕುಟುಂಬದ ಗ್ರೂಪಿಗೆ ಹಾಕೆಂದರು. ಗ್ರೂಪಿಗೆ ಹಾಕಿದ ಚಿತ್ರದ ಗಾತ್ರವೂ ಕುಗ್ಗುತ್ತದೆ, ಒಳಗಿನ ತಾರೀಕೂ ಅಳಿಸಿಹೋಗುತ್ತದೆ ಎಂದು ನಾನು ನಮ್ಮವರಿಗೆ ಹತ್ತು ಸಲ ಹೇಳಿದ್ದೇನೆ. ಅವರು ಹತ್ತು ಸಲವೂ ಹೆಬ್ಬೆರಳೆತ್ತಿ, ಆಮೇಲೆ ಒಂದೇ ದೀಪ ಬೆಳಗುವ ಅರವತ್ತು ಫೋಟೊಗಳನ್ನು ಅಲ್ಲಿಗೇ ಸುರಿದಿದ್ದಾರೆ. ಬೇಸರದಿಂದಲೇ ಕಳಿಸಿದೆ. ಐದು ನಿಮಿಷ ಬಿಟ್ಟು ಮತ್ತೆ ಕರೆ ಬಂತು.

“ಚೆನ್ನಾಗಿ ಬಂದಿದೆ ಕಣೋ. ಉಳಿಸಿಕೊಂಡೆ. ಆದರೆ ಇಲ್ಲಿ ಇವತ್ತು ರಾತ್ರಿ ಎಂಟೂಕಾಲಕ್ಕೆ ತೆಗೆದದ್ದು ಅಂತ ತೋರಿಸ್ತಾ ಇದೆಯಲ್ಲ. ನೀನು ಬೆಳಗಿನಿಂದ ಮಾಡಿದ್ದು ಏನು?”