‘ನೂರಕ್ಕೆ 84 ಐಟಿ ಯೋಜನೆಗಳು ಫೇಲ್’: ಆ ಲೆಕ್ಕ ಹಾಗಿಲ್ಲ

ಕಂಪನಿಗಳ ಸಾಫ್ಟ್‌ವೇರ್ ಯೋಜನೆಗಳಲ್ಲಿ ಶೇ 84ರಷ್ಟು ಮಣ್ಣುಪಾಲಾಗುತ್ತವೆ ಅನ್ನೋ ಮಾತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಸಣ್ಣ ಉದ್ಯಮದವರು ಇದನ್ನು ನಂಬಿ ಹೆದರಬಾರದು ಅಂತ ಬರೆಯುತ್ತಿದ್ದೇನೆ.

ಈ ಅಂಕಿಯ ಮೂಲ ಅಮೆರಿಕದ ಸಂಶೋಧನಾ ಸಂಸ್ಥೆ ಸ್ಟ್ಯಾಂಡಿಶ್ ಗ್ರೂಪ್ 1994ರಲ್ಲಿ ತಂದ ಕೇಯಾಸ್ ವರದಿ. ಅದರಲ್ಲಿ ಅರ್ಧಕ್ಕೇ ನಿಂತುಹೋದವು ಶೇ 31.1 ಮಾತ್ರ. ಇನ್ನು ಶೇ 52.7 ಯೋಜನೆಗಳು ಮುಗಿದಿದ್ದವು, ಬಳಕೆಗೂ ಬಂದಿದ್ದವು. ಆದರೆ ಖರ್ಚು ಜಾಸ್ತಿಯಾಗಿತ್ತು, ತಡವಾಗಿತ್ತು, ಕೆಲವು ಸೌಲಭ್ಯ ಬಿಟ್ಟುಹೋಗಿದ್ದವು. ಎರಡನ್ನೂ ಸುಮ್ನೆ ಕೂಡಿಸಿ ‘ಫೇಲ್’ ಅಂದರೆ ಹೇಗೆ? ತಡವಾಗಿ ಕಟ್ಟಿ ಮುಗಿಸಿದ ಮನೆಯನ್ನು ಬಿದ್ದ ಮನೆ ಅನ್ನುವುದಿಲ್ಲ ಅಲ್ವಾ?

ಇನ್ನೊಂದು ವಿಷಯ. ಈ ವರದಿ ಯೋಜನೆಗಳನ್ನು ಅಳೆದದ್ದು ಖರ್ಚು, ಸಮಯ, ಸೌಲಭ್ಯಗಳ ಬಗ್ಗೆ ಮೊದಲು ಹಾಕಿದ ಅಂದಾಜಿನ ಮೇಲೆ. 2010ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರಾದ ಎವೆಲೀನ್ಸ್ ಮತ್ತು ವರ್ಹೂಫ್ ಇದರ ತೊಡಕನ್ನು ತೋರಿಸಿದರು. ಬೇಕೆಂದೇ ಜಾಸ್ತಿ ಅಂದಾಜು ಹಾಕಿದ ಕಂಪನಿ ಗೆದ್ದಂತೆ ಕಾಣುತ್ತದೆ. ಪ್ರಾಮಾಣಿಕವಾಗಿ ಲೆಕ್ಕ ಹಾಕಿದವರ ಯೋಜನೆಗಳು ಎಷ್ಟೋ ಸಲ ಸೋತಂತೆ ಕಾಣುತ್ತವೆ. ಆ ಸಾಫ್ಟ್‌ವೇರ್‌ನಿಂದ ವ್ಯವಹಾರಕ್ಕೆ ಎಷ್ಟು ಉಪಯೋಗವಾಯಿತು ಅನ್ನುವುದು ಈ ಅಳತೆಯೊಳಗೆ ಬರುವುದೇ ಇಲ್ಲ.