ಗೋವೆಟ್ಸ್ ಲೀಪ್‌ನಲ್ಲಿ ನಿಂತು ‘ಇಷ್ಟೇನಾ’ ಅಂದವರಿಗೆ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತೆ.

ನನ್ನ ಶನಿವಾರಗಳೆಲ್ಲ ಆಸ್ಟ್ರೇಲಿಯಾದ ಸಿಡ್ನಿ ಹತ್ತಿರದ ಬ್ಲೂ ಮೌಂಟನ್ಸ್ ಬೆಟ್ಟಗಳ ಪಾಲು ಅಂತ ನಿಮಗೆ ಗೊತ್ತೇ ಇದೆ. ಇವತ್ತು ಬೆಳಗ್ಗೆ ಬ್ಲ್ಯಾಕ್‌ಹೀತ್‌ನ ಗೋವೆಟ್ಸ್ ಲೀಪ್ ಲುಕ್‌ಔಟ್‌ನಲ್ಲಿದ್ದೆ. ಎರಡು ಕಾರುಗಳಲ್ಲಿ ಒಂದು ಗುಂಪು ಬಂತು. ಕನ್ನಡ ಕಿವಿಗೆ ಬಿತ್ತು. ಖುಷಿಯಾಗಿ, ಮಾತಾಡಿಸೋಣ ಅಂತ ಅವರ ಕಡೆ ಹೊರಟೆ. ಅಷ್ಟರಲ್ಲಿ ಒಬ್ಬರು ಕಂಬಿ ಹಿಡಿದು, ಎದುರಿಗೆ ಬೀಳುತ್ತಿದ್ದ ಬ್ರೈಡಲ್ ವೇಲ್ ಜಲಪಾತ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಇಷ್ಟೇನಾ? ಇದನ್ನ ನೋಡೋಕೆ ಎರಡು ಗಂಟೆ ಡ್ರೈವ್ ಮಾಡ್ಕೊಂಡು ಬಂದ್ವಾ? ನಮ್ಮ ಜೋಗದ ಮುಂದೆ ಇದೇನೂ ಅಲ್ಲ ಬಿಡ್ರಿ.” ಉಳಿದವರು ನಕ್ಕರು. ಜಲಪಾತಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಂಡರು, ಕಾರು ಹತ್ತಿದರು. ಆ ನೀರು ಧುಮುಕುವ ಜಾಗದ ತನಕ ಅಲ್ಲಿಂದ ಒಳ್ಳೆಯ ಕಾಲುದಾರಿ ಇದೆ, ದೂರವೂ ಇಲ್ಲ. ಒಬ್ಬರೂ ಆ ಕಡೆ ತಿರುಗಲಿಲ್ಲ. ನಾನು ಮಾತಾಡಿಸದೆ ಸುಮ್ನೆ ನಿಂತೆ.

ಜೋಗ ಅಂದರೆ ನನಗೂ ಪ್ರಾಣ. 253 ಮೀಟರ್ ಎತ್ತರದಿಂದ ಒಂದು ದೊಡ್ಡ ನದಿಯೇ ಬೀಳುತ್ತದೆ ಅಲ್ಲಿ. ಇಲ್ಲಿ 180 ಮೀಟರ್‌ನಿಂದ ಬೀಳುವುದು ಒಂದು ಸಣ್ಣ ತೊರೆ. ಗಾಳಿ ಜೋರಾಗಿದ್ದರೆ ನೆಲ ಮುಟ್ಟುವ ಮೊದಲೇ ಪಕ್ಕಕ್ಕೆ ಹಾರಿ ತುಂತುರಾಗಿಬಿಡುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಮಾರ್ಕ್ಸ್ ಕೊಡುವುದೇಕೆ? ಜೋಗಕ್ಕೂ ಅದರಿಂದ ಮರ್ಯಾದೆ ಬರಲಿಲ್ಲ, ಈ ತೊರೆಗೂ ಬರಲಿಲ್ಲ.

ನೀರು ಕಮ್ಮಿ ಅಂತ ನಕ್ಕರಲ್ವಾ, ಅವರ ಎದುರಿಗಿದ್ದ ಕಣಿವೆಯನ್ನು ಕೊರೆದದ್ದೇ ಇಂಥ ಸಣ್ಣ ನೀರು. ಇದನ್ನು ನಂಬುವುದು ಕಷ್ಟ. ಚಾರ್ಲ್ಸ್ ಡಾರ್ವಿನ್‌ಗೂ ನಂಬಿಕೆ ಬರಲಿಲ್ಲ. 1836ರ ಜನವರಿಯಲ್ಲಿ, ಇನ್ನೂ 27 ತುಂಬದ ಹುಡುಗ, ಸಿಡ್ನಿಯಿಂದ ಬ್ಯಾಥರ್ಸ್ಟ್‌ಗೆ ಕುದುರೆಯ ಮೇಲೆ ಹೊರಟಿದ್ದ. ಈಗಿನ ವೆಂಟ್‌ವರ್ತ್ ಫಾಲ್ಸ್ ಊರಿನಲ್ಲಿ ಇಳಿದು, ತೊರೆಯ ದಂಡೆ ಹಿಡಿದು ಜಲಪಾತದ ತನಕ ನಡೆದ. ಆಮೇಲೆ ಬ್ಲ್ಯಾಕ್‌ಹೀತ್‌ಗೆ ಬಂದು ಇದೇ ಗೋವೆಟ್ಸ್ ಲೀಪ್ ನೋಡಿದ. ಇಷ್ಟು ದೊಡ್ಡ ಕಣಿವೆಗಳನ್ನು ಈಗ ಹರಿಯುತ್ತಿರುವ ನೀರು ಕೊರೆದಿರಲು ಸಾಧ್ಯವೇ ಇಲ್ಲ, ಸಮುದ್ರದ ಕೆಲಸವೇ ಇರಬೇಕು ಅಂದುಕೊಂಡ. ಅವನ ಊಹೆ ತಪ್ಪಾಯಿತು. ಆದರೆ ಅವನು ನಡೆದು ಹೋಗಿ, ನೋಡಿ, ಬೆರಗಾಗಿ, ಇದು ಹೇಗಾಯಿತು ಅಂತ ತಲೆ ಕೆಡಿಸಿಕೊಂಡ. ನಕ್ಕು ಕುದುರೆ ಹತ್ತಲಿಲ್ಲ.

ಮೇಲೆ ಗಟ್ಟಿ ಮರಳುಗಲ್ಲು, ಕೆಳಗೆ ಮೆತ್ತನೆಯ ಜೇಡಿಗಲ್ಲು, ಕಲ್ಲಿದ್ದಲಿನ ಪದರಗಳು. ನೀರು ಕೆಳಗಿನ ಮೆತ್ತನೆ ಪದರವನ್ನು ತಿನ್ನುತ್ತಾ ಹೋಗುತ್ತದೆ. ಬುಡ ಸಡಿಲವಾದ ಮರಳುಗಲ್ಲು ನೇರ ಬಿರುಕುಗಳ ಗುಂಟ ಸೀಳಿ ಉರುಳುತ್ತದೆ. ಅದಕ್ಕೇ ಇಲ್ಲಿನ ಬಂಡೆಗಳೆಲ್ಲ ಗೋಡೆಯ ಥರ ನೇರ. ಹೀಗೆ ಲಕ್ಷಾಂತರ ವರ್ಷ ನಡೆದಿದೆ, ಈಗಲೂ ನಡೆಯುತ್ತಿದೆ. ಜೋರು ಮಳೆಯಾದ ಮೇಲೆ ಟ್ರ್ಯಾಕ್‌ಗಳನ್ನು ಮುಚ್ಚುವುದು ಇದಕ್ಕೇ.

ಇನ್ನೊಂದು ವಿಷಯ. ಮಳೆ ಬಂದು ಎಷ್ಟೋ ದಿನ ಆದಮೇಲೂ ಈ ಜಲಪಾತಗಳಲ್ಲಿ ನೀರು ಇರುತ್ತದೆ. ಎಲ್ಲಿಂದ? ಬೆಟ್ಟದ ಮೇಲೆ, ಬಂಡೆಯ ಅಂಚಿನಲ್ಲಿ ಜವುಗು ನೆಲಗಳಿವೆ, ಹ್ಯಾಂಗಿಂಗ್ ಸ್ವಾಂಪ್ ಅಂತಾರೆ. ಮಳೆ ನೀರು ಮರಳುಗಲ್ಲಿನೊಳಗೆ ಇಳಿದು, ಜೇಡಿ ಪದರ ಸಿಕ್ಕಿದಲ್ಲಿ ಮುಂದೆ ಹೋಗಲಾರದೆ ಪಕ್ಕಕ್ಕೆ ಜಿನುಗಿ ಬರುತ್ತದೆ. ಅಲ್ಲಿ ಹುಲ್ಲು, ಜೊಂಡು ಬೆಳೆದು, ನೆಲವೆಲ್ಲ ನೀರು ಕುಡಿದ ಹತ್ತಿ ಹಾಸಿಗೆಯ ಹಾಗಿರುತ್ತದೆ. ಅದು ಸ್ವಲ್ಪ ಸ್ವಲ್ಪವೇ ನೀರು ಬಿಡುತ್ತದೆ. ಈ ಜವುಗಿನಲ್ಲಿ ಮಾತ್ರ ಬದುಕುವ ಒಂದು ಹಾವರಾಣಿ ಇದೆ, ಬ್ಲೂ ಮೌಂಟನ್ಸ್ ವಾಟರ್ ಸ್ಕಿಂಕ್. ಇನ್ನು ವೆಂಟ್‌ವರ್ತ್ ಫಾಲ್ಸ್‌ನಿಂದ ಕಟೂಂಬಾ ತನಕದ ಕೆಲವೇ ಜಲಪಾತಗಳ ತುಂತುರು ಬೀಳುವ ಬಂಡೆಗಳ ಮೇಲೆ ಮಾತ್ರ ಡ್ವಾರ್ಫ್ ಮೌಂಟನ್ ಪೈನ್ ಅನ್ನುವ ಕುಳ್ಳ ಗಿಡ ಬೆಳೆಯುತ್ತದೆ. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ನೀವು ‘ಇಷ್ಟೇನಾ’ ಅನ್ನುವ ನೀರಿನ ಹನಿಯನ್ನೇ ನಂಬಿಕೊಂಡು ಒಂದು ಇಡೀ ಜಾತಿ ಉಳಿದಿದೆ. ಕಂಬಿಯ ಹತ್ತಿರ ನಿಂತವರಿಗೆ ಇದು ಯಾವುದೂ ಕಾಣುವುದಿಲ್ಲ. ಕಾಣಬೇಕಾದರೆ ನಡೆಯಬೇಕು.

“ಎಲ್ಲರಿಗೂ ನಡೆಯೋಕೆ ಆಗುತ್ತಾ? ವಯಸ್ಸಾದವರು, ಮಂಡಿ ನೋವಿನವರು, ಕೈಗೂಸು ಇರುವವರು ಏನು ಮಾಡಬೇಕು?” ಅಂತ ಕೇಳುತ್ತೀರಿ. ಅವರ ಬಗ್ಗೆ ನನ್ನ ತಕರಾರು ಇಲ್ಲವೇ ಇಲ್ಲ. ಬ್ಲ್ಯಾಕ್‌ಹೀತ್‌ನಲ್ಲೇ ಫೇರ್‌ಫ್ಯಾಕ್ಸ್ ಹೆರಿಟೇಜ್ ಟ್ರ್ಯಾಕ್ ಇದೆ, ಮೆಟ್ಟಿಲಿನ ಕಾಟವಿಲ್ಲದೆ ಕಾಡಿನ ನಡುವೆ ನಿಧಾನಕ್ಕೆ ಇದೇ ಲುಕ್‌ಔಟ್‌ಗೆ ತಲುಪಿಸುತ್ತದೆ. ವೆಂಟ್‌ವರ್ತ್ ಫಾಲ್ಸ್‌ನಲ್ಲಿ ತೊರೆಯ ಜೊತೆಜೊತೆಗೇ ಹೋಗುವ ಚಾರ್ಲ್ಸ್ ಡಾರ್ವಿನ್ ವಾಕ್ ಇದೆ, ಒಂದು ಕಡೆಗೆ ಎರಡೂವರೆ ಕಿಲೋಮೀಟರ್ ಆಸುಪಾಸು. ಅದೂ ಆಗದವರು ಬೆಂಚಿನ ಮೇಲೆ ಅರ್ಧ ಗಂಟೆ ಕೂತು ನೋಡಲಿ, ನೀರು ಗಾಳಿಗೆ ಹೇಗೆ ತಿರುಗುತ್ತದೆ ಅಂತ. ಇವತ್ತು ಬಂದ ಗುಂಪಿನಲ್ಲಿ ಎಲ್ಲರೂ ಗಟ್ಟಿಮುಟ್ಟಾದ ಹುಡುಗರು. ಮಂಡಿ ನೋವಿನ ಮಾತು ಅವರ ಪರವಾಗಿ ಎತ್ತಬೇಡಿ.

ನನಗೆ ಯಾಕೆ ಇಷ್ಟು ನೋವಾಗುತ್ತದೆ ಅಂತಲೂ ಹೇಳಿಬಿಡುತ್ತೇನೆ. ಈ ದೇಶಕ್ಕೆ ಬಂದ ಮೊದಲ ವರ್ಷ ನನಗೆ ಇಲ್ಲಿ ಯಾರೂ ಇರಲಿಲ್ಲ. ವಾರವಿಡೀ ಆಫೀಸು, ರಾತ್ರಿ ಖಾಲಿ ರೂಮು. ಊರಿಗೆ ಫೋನ್ ಮಾಡಿದರೆ ಅಮ್ಮನ ಮುಂದೆ ಅಳು ಬರುತ್ತೆ ಅಂತ ಮಾಡುತ್ತಲೇ ಇರಲಿಲ್ಲ. ಒಂದು ಶನಿವಾರ ರೈಲು ಹತ್ತಿ ಈ ಬೆಟ್ಟಗಳಿಗೆ ಬಂದು, ವೆಂಟ್‌ವರ್ತ್ ಫಾಲ್ಸ್‌ನ ನ್ಯಾಷನಲ್ ಪಾಸ್ ಅನ್ನುವ ಕಾಲುದಾರಿಯಲ್ಲಿ ಇಳಿದೆ. 1906ರಿಂದ 1908ರ ನಡುವೆ ಪ್ರಪಾತದ ಅರ್ಧ ಎತ್ತರದಲ್ಲಿ ಕಡಿದು ಮಾಡಿದ ದಾರಿ ಅದು. ತಲೆ ಮೇಲೆ ಬಂಡೆ, ಕಾಲ ಕೆಳಗೆ ಕಣಿವೆ. ನನಗೆ ಎತ್ತರ ಅಂದರೆ ಭಯ, ಈಗಲೂ ಇದೆ. ಗೋಡೆಗೆ ಕೈ ಒತ್ತಿಕೊಂಡೇ ನಡೆದೆ. ಜಲಪಾತದ ಕೆಳಗೆ ಬಂದಾಗ ಮುಖದ ಮೇಲೆ ತಣ್ಣಗೆ ನೀರು ಬಿತ್ತು, ನಿಂತು ಮನಸಾರೆ ಅತ್ತೆ. ಯಾರೂ ಯಾಕೆ ಅಂತ ಕೇಳಲಿಲ್ಲ. ಇಲ್ಲಿನ ಅಂಥ ನೀರನ್ನು ಒಬ್ಬರು ‘ಇದೇನೂ ಅಲ್ಲ’ ಅಂದರೆ ನನಗೆ ತಡೆಯಲಾಗುವುದಿಲ್ಲ.

ನಡೆದವರಿಂದಲೇ ಈ ಕಾಡು ಉಳಿದದ್ದು ಅನ್ನುವುದನ್ನೂ ಮರೆಯಬಾರದು. ಗೋವೆಟ್ಸ್ ಲೀಪ್‌ನಿಂದ ಕಾಣುತ್ತದಲ್ಲ ಗ್ರೋಸ್ ಕಣಿವೆ, ಅದರ ತಳದಲ್ಲಿ ಬ್ಲೂ ಗಮ್ ಫಾರೆಸ್ಟ್ ಇದೆ, ಆಕಾಶಕ್ಕೆ ನೆಟ್ಟಗೆ ಬೆಳೆದ ನೀಲಗಿರಿ ಜಾತಿಯ ಮರಗಳು. 1931ರ ಈಸ್ಟರ್ ರಜೆಯಲ್ಲಿ ಕೆಳಗೆ ಇಳಿದಿದ್ದ ಬುಷ್‌ವಾಕರ್‌ಗಳಿಗೆ, ಅಂದರೆ ಕಾಡು ಸುತ್ತುವ ಚಾರಣಿಗರಿಗೆ, ಅಲ್ಲಿ ಜಾಗ ಗುತ್ತಿಗೆಗೆ ಹಿಡಿದಿದ್ದ ಒಬ್ಬ ಮನುಷ್ಯ ಸಿಕ್ಕಿದ. ಮರ ಕಡಿದು ಅಕ್ರೋಟ್ ಹಾಕುತ್ತೇನೆ ಅಂದ. ಕಷ್ಟದ ಕಾಲ, ಕೆಲಸವಿಲ್ಲದ ಕಾಲ. ಆದರೂ ಅವರು ಹಣ ಕೂಡಿಸಿ, 130 ಪೌಂಡ್ ಕೊಟ್ಟು ಆ ಗುತ್ತಿಗೆ ಬಿಡಿಸಿಕೊಂಡರು. ಮರಗಳು ಉಳಿದವು. 2000ದಲ್ಲಿ ಈ ಇಡೀ ಪ್ರದೇಶ, ಹತ್ತು ಲಕ್ಷ ಹೆಕ್ಟೇರ್‌ಗೂ ಜಾಸ್ತಿ, ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅವತ್ತು ಅವರೂ ಮೇಲೆ ನಿಂತು ‘ಇಷ್ಟೇನಾ’ ಅಂತ ವಾಪಸ್ ಹೋಗಿದ್ದರೆ ಕೊಡಲಿ ಬಿದ್ದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮುಂದಿನ ಶನಿವಾರ ವೆಂಟ್‌ವರ್ತ್ ಫಾಲ್ಸ್‌ಗೆ ಹೋಗುತ್ತಿದ್ದೇನೆ. ಸಿಡ್ನಿಯ ಸೆಂಟ್ರಲ್ ಸ್ಟೇಷನ್‌ನಿಂದ ಬೆಳಗಿನ ರೈಲು. ವೆಂಟ್‌ವರ್ತ್ ಫಾಲ್ಸ್ ಸ್ಟೇಷನ್ ಹತ್ತಿರದಿಂದಲೇ ಡಾರ್ವಿನ್ ವಾಕ್ ಶುರು. ಹಿಡಿತ ಇರುವ ಶೂ, ಕುಡಿಯುವ ನೀರು, ಮಳೆ ಕೋಟು, ಟಾರ್ಚ್ ತನ್ನಿ. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ, ಎಲ್ಲಿಗೆ ಹೋಗುತ್ತೀರಿ ಅಂತ ಮನೆಯಲ್ಲಿ ಹೇಳಿ ಬನ್ನಿ. ಯಾವ ಟ್ರ್ಯಾಕ್ ತೆರೆದಿದೆ ಅಂತ ನ್ಯಾಷನಲ್ ಪಾರ್ಕ್‌ನವರ ಸೈಟ್‌ನಲ್ಲಿ ಹಿಂದಿನ ದಿನ ನಾನೇ ನೋಡಿ ತಿಳಿಸುತ್ತೇನೆ. ಇವತ್ತು ಆ ಎರಡು ಕಾರುಗಳಲ್ಲಿ ಬಂದಿದ್ದವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ನೀವೂ ಬನ್ನಿ, ದಯವಿಟ್ಟು. ನಿಮ್ಮ ಜೊತೆ ನಡೆಯಲು ನನಗೆ ನಿಜವಾಗಿಯೂ ಇಷ್ಟ.