ಬಿಳಿ ಚುಕ್ಕೆ

ಮೊನ್ನೆ ಹಲ್ಲು ಕ್ಲೀನ್ ಮಾಡಿಸಲು ಹೋಗಿದ್ದೆ. ಡಾಕ್ಟರಮ್ಮ ನನ್ನ ಕೋರೆಹಲ್ಲಿಗೆ ಐದು ಸೆಕೆಂಡು ಗಾಳಿ ಊದಿ, ಕನ್ನಡಿ ಹಿಡಿದು, "ನೋಡಿ, ಹುಳುಕು ಶುರುವಾಗಿದೆ" ಎಂದರು. ವಸಡಿನ ಅಂಚಿನಲ್ಲಿ ಸೀಮೆಸುಣ್ಣ ಸವರಿದ ಹಾಗೆ ಒಂದು ಚುಕ್ಕೆ. ಬೆಳ್ಳಗಿದೆಯಲ್ಲ, ಒಳ್ಳೇದೇ ಅಲ್ವಾ ಎಂದು ಕೇಳೋಣವೆಂದರೆ ಬಾಯಲ್ಲಿ ಅವರ ಕೈ, ಜೊತೆಗೊಂದು ಪೈಪು. ಈ ಹಲ್ಲಿನ ಡಾಕ್ಟರುಗಳಿಗೆ ಪ್ರಶ್ನೆ ಕೇಳಲು ಅದೇ ಮುಹೂರ್ತ!

"ದಿನಕ್ಕೆ ಎಷ್ಟು ಕಾಫಿ?"

"ಆ... ಆ..."

"ಆರಾ? ಜಾಸ್ತಿ ಆಯ್ತು."

ಕುಡಿಯುವುದು ಮೂರೇ. ಚೀಟಿಯಲ್ಲಿ ಆರು ಎಂದೇ ಬರೆದುಕೊಂಡರು.

ನಾಲಿಗೆ ಸವರಿದೆ. ಚುಕ್ಕೆ ಮಾಯ! ಎಂಜಲು ತಾಗಿದರೆ ಕಾಣದು, ಒಣಗಿದರೆ ಮಾತ್ರ ಬೆಳ್ಳಗೆ ಕಾಣುತ್ತದಂತೆ.

ನನಗೆ ತಾತನ ಮನೆಯ ಗೋಡೆ ನೆನಪಾಯಿತು. ಯುಗಾದಿಗೆ ಮುಂಚೆ ಸುಣ್ಣ ಬಳಿಯುವ ಮುದುಕ ಬರುತ್ತಿದ್ದ. ಹಳೇ ಡ್ರಮ್ಮಿನಲ್ಲಿ ಸುಣ್ಣದ ಕಲ್ಲು ಹಾಕಿ ನೀರು ಸುರಿದರೆ ಬುಳುಬುಳು ಕುದಿಯುತ್ತಿತ್ತು. ಹತ್ತಿರ ಹೋದರೆ ನಮಗೆ ಏಟು. ಸೋಸಿ, ಚಿಟಿಕೆ ನೀಲಿ ಹಾಕಿ, ನಾರಿನ ಕುಂಚದಲ್ಲಿ ಬಳಿಯುತ್ತಿದ್ದ. ಹಸಿ ಗೋಡೆ ಮಂಕಾಗಿ, ಹಳೇ ಕಲೆಗಳೆಲ್ಲ ಹಾಗೇ ಕಾಣುತ್ತಿದ್ದವು. "ಬರೀ ನೀರು ಹೊಡ್ದಿದ್ದೀಯ, ಕಾಸು ಕೊಡಲ್ಲ" ಎಂದು ತಾತ ಪ್ರತಿ ವರ್ಷ ತಪ್ಪದೇ ಕೂಗಾಡುತ್ತಿದ್ದರು. "ಒಣಗ್ಲಿ ಸ್ವಾಮಿ, ಆಮೇಲೆ ಬೈಯಿರಿ" ಎಂದು ಅವನು ಬೀಡಿ ಹಚ್ಚುತ್ತಿದ್ದ. ಸಂಜೆಗೆ ಗೋಡೆ ಫಳಫಳ. ತಾತ ಕಾಸು ಕೊಡುತ್ತಿದ್ದರು. ತಪ್ಪಾಯ್ತು ಅಂತ ಮಾತ್ರ ಒಂದು ಸಲವೂ ಹೇಳಲಿಲ್ಲ.

ಎಲ್ಲಿದ್ದೆ? ಹಾಂ, ಹಲ್ಲು. ಬಾಯಿ ಹುಳಿಯಾಗಿ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಇಳಿಯುತ್ತದೆ) 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಸುಣ್ಣ ಕರಗತೊಡಗುತ್ತದಂತೆ. ಹಾಗೆ ಕರಗಿದ ಜಾಗವೇ ಈ ಬಿಳಿ ಚುಕ್ಕೆ. ಹಲ್ಲಿನ ಮೇಲಿನ ಗಟ್ಟಿ ಪದರ ಎನಾಮಲ್‌ಗೆ ನರವೇ ಇಲ್ಲ, ಹಾಗಾಗಿ ನೋವೂ ಇಲ್ಲ. ಹುಳುಕೆಂದರೆ ಕಪ್ಪು, ಹುಳುಕೆಂದರೆ ನೋವು ಎಂದು ಇಷ್ಟು ವರ್ಷ ನಂಬಿಸಿ, ಈಗ ಬಿಳಿಯನ್ನೂ ನಂಬಬೇಡ ಅಂದರೆ ಹೇಗೆ? ಅದರ ಮೇಲೆ, ಕೋಲಾರದ ಕಡೆಯ ನನ್ನ ಗೆಳೆಯನ ಹಲ್ಲಿನ ಬಿಳಿ ಪಟ್ಟೆಗಳು ಹುಳುಕೇ ಅಲ್ಲವಂತೆ. ಚಿಕ್ಕಂದಿನಲ್ಲಿ ಕುಡಿದ ಬೋರ್‌ವೆಲ್ ನೀರಿನಲ್ಲಿ ಜಾಸ್ತಿಯಿದ್ದ ಫ್ಲೋರೈಡ್ ಅಂತೆ. ನನಗೋ ಫ್ಲೋರೈಡ್ ಪೇಸ್ಟ್ ಬರೆದುಕೊಟ್ಟರು! "ಕೊರೆಯೋದು ಬೇಡ, ಹಲ್ಲು ಮತ್ತೆ ಗಟ್ಟಿಯಾಗುತ್ತೆ, ಸಿಹಿ ಕಡಿಮೆ ಮಾಡಿ" ಎಂದರು.

ಸಂಜೆ ಕನ್ನಡಿ ಮುಂದೆ ನಿಂತು, ತುಟಿ ಎತ್ತಿ ಹಿಡಿದು, ಕರವಸ್ತ್ರದಿಂದ ಹಲ್ಲು ಒರೆಸಿ ಚುಕ್ಕೆ ಹುಡುಕುತ್ತಿದ್ದೆ.

"ರೀ, ಕಾಫಿಗೆ ಸಕ್ಕರೆ ಹಾಕ್ಲಾ, ಬೇಡ್ವಾ?" ಅಡುಗೆಮನೆಯಿಂದ ಕೂಗು ಬಂತು.

"ಆ... ಆ..." ಎಂದೆ.

ಚಮಚ ಕಲಕುವ ಸದ್ದು ಕೇಳಿಸಿತು.